ಹಂದಿಯ ಭ್ರೂಣಕ್ಕೂ ಒಂದು ಮಡಿ

ಹಂದಿಯ ಭ್ರೂಣ ಬಹಳ ಹಟಮಾರಿ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ. ಅವರು ಪುಸ್ತಕದಲ್ಲಿರುವುದನ್ನೆಲ್ಲ ಓದಿಕೊಂಡು ಬಂದಿರುತ್ತಾರೆ. ಇದು ಮಾತ್ರ ಅಲ್ಲಿ ಬರೆದಿರುವುದಿಲ್ಲ. ಎಮ್ಮೆಯ ಭ್ರೂಣ ಸಮಾಧಾನದ್ದು. ಸ್ವಲ್ಪ ತಂಪಾದರೆ ತಡೆದುಕೊಳ್ಳುತ್ತದೆ, ಸ್ವಲ್ಪ ತಡವಾದರೆ ಕಾಯುತ್ತದೆ. ಹಂದಿಯದು ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಬಂದ ಅಳಿಯನ ಹಾಗೆ. ನೀರು ಸರಿಯಿಲ್ಲ, ಗಾಳಿ ಸರಿಯಿಲ್ಲ, ಬಾಗಿಲು ಯಾಕೆ ಇಷ್ಟು ಹೊತ್ತು ತೆಗೆದಿರಿ, ದೀಪ ಯಾಕೆ ಇಷ್ಟು ಹತ್ತಿಸಿದಿರಿ. ಬಾಯಿಬಿಟ್ಟು ಒಂದೂ ಹೇಳುವುದಿಲ್ಲ. ಸುಮ್ಮನೆ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ.

ನಾನು ಈಗ ನಿವೃತ್ತಳು. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಿಗಲಿಲ್ಲ ಎಂಬ ಪುರಾಣ ಯಾರಿಗೂ ಬೇಡ, ನನಗೂ ನೆನಪಿಲ್ಲ. ನೆನಪಿರುವುದು ಬಸವನ ಬಾಗೇವಾಡಿಯ ಹೊರಗೆ, ಮುದ್ದೇಬಿಹಾಳದ ರಸ್ತೆಗೆ ಹತ್ತಿದ ನಮ್ಮ ಕೇಂದ್ರ. ಸುತ್ತ ತೊಗರಿ ಹೊಲ. ಮುಂದೆ ಒಂದು ಪಡಸಾಲೆ, ಒಳಗೆ ಕೆಲವು ಕೋಣೆಗಳು, ಹಿಂದೆ ಸಿಮೆಂಟಿನ ದೊಡ್ಡಿಯಲ್ಲಿ ಸರಕಾರದ ಬಿಳಿ ಹಂದಿಗಳು. ಬಂದವರೆಲ್ಲ, "ಬಾಗೇವಾಡಿಯಂಥಾ ಊರಾಗ ಎತ್ತು, ಆಕಳಾ ಬಿಟ್ಟು ಹಂದಿ ಯಾಕ್ರಿ?" ಎಂದು ಕೇಳದೆ ಹೋಗುತ್ತಿರಲಿಲ್ಲ. ಎಮ್ಮೆಯ ಮೇಲೆ ಚೆನ್ನಾಗಿ ಕೆಲಸ ಮಾಡಿಕೊಂಡಿದ್ದ ನನ್ನನ್ನು ಒಂದು ದಿನ ಹಂದಿಗೆ ಹಾಕಿದಾಗ ನಾನೂ ಅದನ್ನೇ ಕೇಳಿದ್ದೆ.

ಕೆಲಸ ಇಷ್ಟು: ಕಸಾಯಿಖಾನೆಯಿಂದ ಹಂದಿಯ ಅಂಡಾಶಯ ತರಿಸುವುದು, ಅದರೊಳಗಿನ ತತ್ತಿಗಳನ್ನು ಸೂಜಿಯಿಂದ ಎಳೆದು ತೆಗೆಯುವುದು, ಅವನ್ನು ತಟ್ಟೆಯಲ್ಲಿ ಬಲಿಸಿ ಗಂಡುಹಂದಿಯ ವೀರ್ಯ ಸೇರಿಸುವುದು, ಹುಟ್ಟಿದ ಭ್ರೂಣವನ್ನು ತಾಯಿಯ ಹೊಟ್ಟೆಗೆ ಹಾಕುವಷ್ಟು ಬೆಳೆಯುವ ತನಕ ಇನ್‌ಕ್ಯುಬೇಟರಿನಲ್ಲಿ ಸಾಕುವುದು. ಕೊನೆಯದೇ ಕಷ್ಟದ್ದು. ತಾಯಿಯ ಗರ್ಭದಲ್ಲಿ ಏನೇನಿರುತ್ತದೆಯೋ ಅದೆಲ್ಲ ನಮ್ಮ ಪೆಟ್ಟಿಗೆಯಲ್ಲೂ ಇರಬೇಕು. ಆ ಪೆಟ್ಟಿಗೆಯನ್ನು ಗರ್ಭಕ್ಕೆ ಇನ್ನೂ ಸ್ವಲ್ಪ ಹತ್ತಿರ ಒಯ್ಯುವುದರಲ್ಲೇ ನನ್ನ ಆಯುಷ್ಯದ ಒಳ್ಳೆಯ ವರ್ಷಗಳು ಹೋದವು.

ಅಂಡಾಶಯಗಳು ಸೊಲ್ಲಾಪುರದ ಕಡೆಯಿಂದ ಇಂಡಿಗೆ ಬರುತ್ತಿದ್ದವು. ಮೈಬಿಸಿ ಆರಬಾರದು, ಹಂದಿಯ ತತ್ತಿಗೆ ಒಮ್ಮೆ ಚಳಿ ಹತ್ತಿದರೆ ಮುಗಿಯಿತು. ಹಾಗಾಗಿ ಬೆಚ್ಚನೆಯ ಉಪ್ಪುನೀರು ತುಂಬಿದ ಚಹಾದ ಥರ್ಮಾಸಿನಲ್ಲಿ ತರುತ್ತಿದ್ದೆವು. ಜೀಪು ಕೆಟ್ಟ ದಿನ ನಾನೇ ಇಂಡಿಯ ಬಸ್ ನಿಲ್ದಾಣಕ್ಕೆ ಹೋಗಿ ಥರ್ಮಾಸು ಇಸಕೊಂಡು, ತೊಡೆಯ ಮೇಲೆ ಇಟ್ಟುಕೊಂಡು ಸಿಂದಗಿಯ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ರುಮಾಲು ಸುತ್ತಿದ ಒಬ್ಬ ಹಿರಿಯರು ಕುಳಿತರು. ಬಹಳ ಹೊತ್ತು ಥರ್ಮಾಸನ್ನೇ ನೋಡಿದರು.

"ತಂಗಿ, ಒಂದೀಟು ಚಾ ಕುಡಸಂಗಿಲ್ಲೇನು? ಮುಂಜಾನಿಂದ ಬಾಯಿಗೆ ಏನೂ ಹಾಕಿಲ್ಲ."

"ಇದು ಚಾ ಅಲ್ರಿ ಕಾಕಾ."

"ಕಾಫಿ ಆದ್ರೂ ನಡೀತೈತಿ."

"ಕಾಫೀನೂ ಅಲ್ರಿ. ಒಂಥರಾ ಔಷಧ."

"ಯಾತರದ್ದ ಔಷಧ?"

ಬಸ್ಸಿನಲ್ಲಿ ಹಂದಿ ಎಂದರೆ ಥರ್ಮಾಸಿನ ಜತೆ ನನ್ನನ್ನೂ ಇಳಿಸುತ್ತಾರೆಂದು ಹೆದರಿ, "ಮಕ್ಕಳಾಗೂದರದ್ರಿ" ಎಂದೆ. ಅದೇ ತಪ್ಪಾಯಿತು. ಹಿರಿಯರು ನೆಟ್ಟಗೆ ಕುಳಿತರು. ದನಿ ಸಣ್ಣ ಮಾಡಿ ತಮ್ಮ ಸೊಸೆಯ ಕಥೆ ಹೇಳಿದರು. ತೋರಿಸಿದ ದವಾಖಾನೆ, ನಡೆದುಕೊಂಡ ದೇವರು, ಎಲ್ಲ. ಕೊನೆಗೆ, "ಒಂದು ಚಮಚಾ ಕೊಟ್ಟೀ ಅಂದ್ರ ನಿನ್ನ ಹೆಸರ ಇಡ್ತೇವಿ" ಎಂದು ಕೈ ಮುಗಿದರು. ನನಗೆ ನಗು, ಅಳು ಎರಡೂ ಬಂದವು. ಬಾಗೇವಾಡಿಯಲ್ಲಿ ಒಬ್ಬ ಒಳ್ಳೆಯ ಹೆಂಗಸರ ಡಾಕ್ಟರ ಹೆಸರು ಹೇಳಿ, ಸೊಸೆಯನ್ನೂ ಮಗನನ್ನೂ ಇಬ್ಬರನ್ನೂ ಕರೆದುಕೊಂಡು ಹೋಗಲು ಒಪ್ಪಿಸಿ, ಬಸ್ಸು ಬದಲಿಸಲು ಸಿಂದಗಿಯಲ್ಲಿ ಇಳಿದೆ. ಇಳಿಯುವಾಗ ಅವರು ಥರ್ಮಾಸಿಗೂ ಒಮ್ಮೆ ನಮಸ್ಕಾರ ಮಾಡಿದರು.

ಇಷ್ಟು ಕಷ್ಟಪಟ್ಟು ತಂದ ತತ್ತಿ ಭ್ರೂಣವಾಗುತ್ತಿತ್ತು. ಒಂದು ಕೋಶ ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು. ಅಲ್ಲಿಗೆ ನಿಂತುಬಿಡುತ್ತಿತ್ತು. ಮರುದಿನ ನೋಡಿದರೂ ನಾಲ್ಕು, ಅದರ ಮರುದಿನವೂ ನಾಲ್ಕು. ಆಮೇಲೆ ಅದು ಕಪ್ಪಾಗಿ ಮುದುರಿಕೊಳ್ಳುತ್ತಿತ್ತು.

ಇದಕ್ಕೆ ಕಾರಣವಿದೆ. ತತ್ತಿ ತಾಯಿಯಿಂದ ಬರುವಾಗ ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಹಂದಿಯ ತತ್ತಿಯಲ್ಲಿ ಕೊಬ್ಬು ಎಷ್ಟಿರುತ್ತದೆಂದರೆ ಸೂಕ್ಷ್ಮದರ್ಶಕದಲ್ಲಿ ಅದು ಎಣ್ಣೆಹೋಳಿಗೆಯ ಹಾಗೆ ಕಾಣುತ್ತದೆ. ನಾಲ್ಕು ಕೋಶ ಆಗುವ ತನಕ ಭ್ರೂಣ ಆ ಬುತ್ತಿಯನ್ನೇ ಉಂಡುಕೊಂಡಿರುತ್ತದೆ. ಅಲ್ಲಿಂದ ಮುಂದೆ ತನ್ನ ಒಲೆ ತಾನೇ ಹೊತ್ತಿಸಬೇಕು. ಆ ಹೊತ್ತಿನಲ್ಲಿ ಸುತ್ತಲೂ ಏನಾದರೂ ತುಸು ಹೆಚ್ಚುಕಡಿಮೆಯಾದರೂ ಅದಕ್ಕೆ ಸಂಸಾರ ಬೇಡವಾಗುತ್ತದೆ.

ನಮ್ಮ ಕೇಂದ್ರದ ಮುಖ್ಯಸ್ಥರು ಬಿರಾದಾರ ಸಾಹೇಬರು. ಪಶುವೈದ್ಯರು, ಶಸ್ತ್ರಕ್ರಿಯೆಯಲ್ಲಿ ಬಂಗಾರದಂಥ ಕೈ. ಮನಸ್ಸು ಇನ್ನೂ ಮೆದು. ಆದರೆ ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತೇ ಮಾತಾಡುವಷ್ಟು ಅಂಜುಬುರುಕರು. ಭ್ರೂಣದ ವಿಷಯದಲ್ಲಿ ಅವರಿಗೂ ನನಗೂ ದಿನಾ ಜಗಳ.

ಮೊದಲು ನಾನು ಆಹಾರ ಬದಲಿಸಿದೆ. ಭ್ರೂಣ ಸಾಕುವ ದ್ರವದಲ್ಲಿ ಸಕ್ಕರೆ ಹಾಕುವುದು ವಾಡಿಕೆ. ಹಂದಿಯ ಭ್ರೂಣಕ್ಕೆ ಮೊದಲ ದಿನಗಳಲ್ಲಿ ಅದು ಬೇಡ. ಬೇರೆ ಹಗುರಾದ ಆಹಾರ ಕೊಟ್ಟು, ಸಕ್ಕರೆಯನ್ನು ಆಮೇಲೆ ಕೊಡಬೇಕು. ಸಾಹೇಬರು, "ಕೂಸಿಗೆ ಸಕ್ಕರಿ ತಪ್ಪಸ್ತೀರೇನ್ರಿ ಸುವರ್ಣಾಬಾಯಾರ?" ಎಂದು ನೊಂದುಕೊಂಡರು. ಆಮೇಲೆ ಆಮ್ಲಜನಕ ಕಡಿಮೆ ಮಾಡಿದೆ. ಗರ್ಭದಲ್ಲಿ ಅದು ನಮ್ಮ ಸುತ್ತಲಿನ ಗಾಳಿಗಿಂತ ಬಹಳ ಕಡಿಮೆ ಇರುತ್ತದೆ. ಹೆಚ್ಚಾದರೆ ಭ್ರೂಣವನ್ನು ತುಕ್ಕು ಹಿಡಿಸಿದಂತೆ ಕೆಡಿಸುತ್ತದೆ. ಅದಕ್ಕೆ ಸಾರಜನಕದ ಸಿಲಿಂಡರು ಬೇಕು ಎಂದಾಗ ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಉಸರ ಕಟ್ಟಿ ಸಾಯ್ತಾವಲ್ರಿ!"

"ನೀವು ನಿಮ್ಮವ್ವನ ಹೊಟ್ಟಿಯೊಳಗಿದ್ದಾಗ ಕಿಡಕಿ ಇತ್ತೇನ್ರಿ ಸರ್?"

ಸಿಲಿಂಡರು ಬಂತು. ಕೆಲವು ಭ್ರೂಣಗಳು ನಾಲ್ಕು ದಾಟಿ ಎಂಟಾದವು. ಒಂದೆರಡು ಇನ್ನೂ ಮುಂದೆ ಹೋಗಿ ನೀರು ತುಂಬಿದ ಗುಳ್ಳೆಯಂತಾದವು. ನಮ್ಮ ಭಾಷೆಯಲ್ಲಿ ಅದು ಬ್ಲಾಸ್ಟೊಸಿಸ್ಟ್. ಅಲ್ಲಿಗೆ ಮುಟ್ಟಿದರೆ ತಾಯಿಯ ಹೊಟ್ಟೆಗೆ ಹೋಗಲು ಯೋಗ್ಯ. ಸಾಹೇಬರು ಪೇಢೆ ಹಂಚಿದರು. ಪೇಢೆ ತಿಂದು ಕೈ ತೊಳೆಯುವಷ್ಟರಲ್ಲಿ ಮುಂದಿನ ತಂಡ ಮತ್ತೆ ನಾಲ್ಕಕ್ಕೇ ನಿಂತಿತು.

ವಿಚಿತ್ರವೆಂದರೆ ಇದಕ್ಕೊಂದು ಲೆಕ್ಕವಿದ್ದಂತೆ ಕಾಣತೊಡಗಿತು. ಸಾಹೇಬರು ಮಗಳ ಮದುವೆಗೆ ರಜೆ ಹಾಕಿದಾಗ ಭ್ರೂಣಗಳು ಸೊಂಪಾಗಿ ಬೆಳೆದವು. ತಿರುಗಿ ಬಂದರು, ನಿಂತವು. ಬೆಂಗಳೂರಿಗೆ ಸಭೆಗೆ ಹೋದರು, ಬೆಳೆದವು. ಬಂದರು, ನಿಂತವು. ಮೇಲಧಿಕಾರಿಯ ಅಂಜಿಕೆ ಹಂದಿಗೂ ಇರುತ್ತದೆಯೇ ಎಂದು ನಾನು ಒಳಗೊಳಗೆ ನಗುತ್ತಿದ್ದೆ. ನಗು ನಿಂತದ್ದು ಒಂದು ಬೆಳಿಗ್ಗೆ ಇನ್‌ಕ್ಯುಬೇಟರಿನ ತಲೆ ಒರೆಸುವಾಗ. ಬಟ್ಟೆಗೆ ಬೂದಿ ಹತ್ತಿತು.

ಇನ್‌ಕ್ಯುಬೇಟರಿನ ಮೇಲಿನ ಗೋಡೆಗೆ ಸಾಹೇಬರು ಒಂದು ದೇವರ ಫೋಟೋ ತೂಗುಹಾಕಿದ್ದರು. ದಿನಾ ಎಲ್ಲರಿಗಿಂತ ಮೊದಲು ಬಂದು ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು. ಆ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಭ್ರೂಣದ ಹನಿಯ ಮೇಲೆ ನಾವು ಹೊದಿಸುವ ಎಣ್ಣೆ ಹೊಗೆಯನ್ನು, ಸೆಂಟಿನ ವಾಸನೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಅಂದರೆ ಸಾಹೇಬರು ಭ್ರೂಣ ಬದುಕಲೆಂದು ಊದಿನಕಡ್ಡಿ ಹಚ್ಚುತ್ತಿದ್ದರು. ಅದರಿಂದ ಭ್ರೂಣ ಸಾಯುತ್ತಿತ್ತು. ಸತ್ತಿತೆಂದು ಮರುದಿನ ಇನ್ನೊಂದು ಕಡ್ಡಿ ಹೆಚ್ಚು ಹಚ್ಚುತ್ತಿದ್ದರು.

ಬರಿ ಅನುಮಾನದ ಮೇಲೆ ದೇವರ ಮೇಲೆ ದೂರು ಹೇಳಲಾಗುವುದಿಲ್ಲ. ಹಿಂದಿನ ಸಾಮಾನು ಕೋಣೆಯಲ್ಲಿ ಒಂದು ಹಳೆಯ ಸಣ್ಣ ಇನ್‌ಕ್ಯುಬೇಟರ್ ಬಿದ್ದಿತ್ತು. ಅದನ್ನು ತೊಳೆದು ನಡೆಸಿ, ಒಂದೇ ತಂಡದ ಭ್ರೂಣಗಳಲ್ಲಿ ಅರ್ಧ ಅಲ್ಲಿಟ್ಟೆ, ಅರ್ಧ ಫೋಟೋದ ಕೆಳಗಿಟ್ಟೆ. ಹೀಗೆ ಮತ್ತೆ ಮತ್ತೆ ಮಾಡಿದೆ. ಹಳೆಯ ಬೂಟು, ಹರಿದ ಚೀಲಗಳ ನಡುವೆ ಇಟ್ಟವು ಪ್ರತಿಸಲ ಚೆನ್ನಾಗಿ ಬೆಳೆದವು.

ಈಗ ಸಾಹೇಬರಿಗೆ ಹೇಳುವುದು ಹೇಗೆ? ಮೊದಲು ಕಡ್ಡಿಪೆಟ್ಟಿಗೆ ಬಚ್ಚಿಟ್ಟೆ. ಅವರು ಲೈಟರ್ ತಂದರು. ಊದಿನಕಡ್ಡಿಯ ಕಟ್ಟನ್ನು ನೀರಿನ ಹತ್ತಿರ ಇಟ್ಟು ತೋಯಿಸಿದೆ. "ಹವಾ ಥಂಡಿ ಐತಿ" ಎಂದು ಅವರು ಬಿಸಿಲಿಗೆ ಒಣಹಾಕಿದರು. ಇಂಥ ಮನುಷ್ಯನೊಡನೆ ಯುದ್ಧ ಮಾಡಿ ಗೆಲ್ಲುವುದು ಕಷ್ಟ.

ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ದೇವಣಗಾಂವದಿಂದ ಬಂದು ನಮ್ಮ ಜತೆ ಇದ್ದರು. ಎಮ್ಮೆಯ ಕೆಲಸ ಇದ್ದಾಗ, "ನಮ್ಮ ಸೊಸಿ ದನದ ಡಾಕ್ಟರ ಅದಾಳ" ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹಂದಿ ಎಂದು ಗೊತ್ತಾದ ದಿನದಿಂದ ಹಿತ್ತಲ ಬಾಗಿಲಲ್ಲಿ ಒಂದು ಹಂಡೆ ನೀರು, ಮಡಿ ಸೀರೆ ಇಟ್ಟುಕೊಂಡು ಕಾಯುತ್ತಿದ್ದರು. ಜಳಕ ಮಾಡದೆ ಒಳಗೆ ಕಾಲಿಡುವ ಹಾಗಿಲ್ಲ.

"ಅತ್ತಿ, ನಾ ಹಂದೀನ ಮುಟ್ಟೂದ ಇಲ್ರಿ. ಅದರ ತತ್ತಿ ಅಷ್ಟ. ಕಣ್ಣಿಗೂ ಕಾಣಂಗಿಲ್ಲ."

"ಕಣ್ಣಿಗೆ ಕಾಣಲಾರದ್ದ ಹೆಚ್ಚ ಹತ್ತತೈತಿ. ಹಾಕ್ಕೋ ನೀರ."

ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಕಣ್ಣಿಗೆ ಕಾಣಲಾರದ್ದು ಹೆಚ್ಚು ಹತ್ತುತ್ತದೆ! ಅತ್ತೆ ಅಂದದ್ದು ವಿಜ್ಞಾನವಲ್ಲ, ನನ್ನ ಮೇಲಿನ ಅಸಹ್ಯ. ಆದರೆ ಮಾತು ಮಾತ್ರ ನನಗೆ ಉಪಯೋಗಕ್ಕೆ ಬಂತು. ಮರುದಿನ ಇನ್‌ಕ್ಯುಬೇಟರ್ ಕೋಣೆಯ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು ಹಚ್ಚಿದೆ: "ಇದು ಮಡಿ ಕೋಣೆ. ಜಳಕ ಮಾಡಿ, ಒಗೆದ ಬಟ್ಟೆ ಉಟ್ಟು ಬರಬೇಕು. ಹೂವು, ಅತ್ತರು, ಪೌಡರು, ತಲೆಗೆಣ್ಣೆ, ಹೊಗೆ ಇವು ನಿಷಿದ್ಧ."

ನಾನು ರಸಾಯನಶಾಸ್ತ್ರದ ಹೆಸರುಗಳನ್ನು ಬರೆದಿದ್ದರೆ ಸಾಹೇಬರು ಒಂದು ವಾರ ವಾದ ಮಾಡುತ್ತಿದ್ದರು. ಮಡಿ ಎಂಬ ಒಂದು ಮಾತಿಗೆ ಕರಗಿಹೋದರು. "ಭಾಳ ಚಲೋ ಮಾಡಿದ್ರಿ ಬಾಯಾರ" ಎಂದು ವಿಜಯಪುರದಿಂದ ತರಿಸುತ್ತಿದ್ದ ಅತ್ತರನ್ನು ಅಂದೇ ಬಿಟ್ಟರು. ತಲೆಗೆ ಎಣ್ಣೆ ಬಿಟ್ಟರು. ಆದರೆ ಬೆಳಿಗ್ಗೆ ನೋಡಿದರೆ ಫೋಟೋದ ಮುಂದೆ ಊದಿನಕಡ್ಡಿ ಹಾಗೇ ಹೊಗೆಯಾಡುತ್ತಿದೆ.

"ಸರ್, ಹೊಗಿ ನಿಷಿದ್ಧ ಅಂತ ಬರದೇನಲ್ರಿ?"

"ಹೌದ್ರಿ. ಅದು ಬೀಡಿ ಸೇದವ್ರಿಗೆ."

ಮತ್ತೆ ಮಾತಾಡಲು ನನಗೆ ಧೈರ್ಯ ಬರಲಿಲ್ಲ. ಪರೀಕ್ಷೆಯ ಭ್ರೂಣಗಳನ್ನೆಲ್ಲ ಸಾಮಾನು ಕೋಣೆಗೆ ಸಾಗಿಸಿಕೊಂಡು ಕಳ್ಳತನದಲ್ಲಿ ಕೆಲಸ ನಡೆಸಿದೆ. ಅಷ್ಟರಲ್ಲಿ ಆ ಹಳೆಯ ಪೆಟ್ಟಿಗೆ ಸುಟ್ಟುಹೋಯಿತು. ಉಳಿದದ್ದು ಫೋಟೋದ ಕೆಳಗಿನದು ಒಂದೇ. ಮುದ್ದೇಬಿಹಾಳದಿಂದ ದುರ್ಗವ್ವನ ಫೋನು ಬಂದದ್ದು ಆಗಲೇ.

ದುರ್ಗವ್ವ ಮುದ್ದೇಬಿಹಾಳದ ಅಂಚಿನಲ್ಲಿ ಹಂದಿ ಸಾಕಿಕೊಂಡಿದ್ದ ಹೆಂಗಸು. ನಮ್ಮ ಕಡೆಯ ಕರಿ ಹಂದಿಗಳು; ಗಿಡ್ಡ, ಗಟ್ಟಿ, ಬೆನ್ನ ಮೇಲೆ ನೆಟ್ಟಗೆ ನಿಂತ ಕೂದಲು. ನಮಗೆ ಬೇಕಾದಾಗ ಅವಳ ಗಂಡುಹಂದಿಯಿಂದಲೇ ವೀರ್ಯ ತರುತ್ತಿದ್ದೆವು. ಒಂದು ವರ್ಷ ಜ್ವರ ಬಂದು ಅವಳ ಹಟ್ಟಿ ಹೆಚ್ಚುಕಡಿಮೆ ಬರಿದಾಗಿತ್ತು. ಉಳಿದ ಹೆಣ್ಣು ಒಂದೇ, ಅದರ ಹೆಸರು ರಾಣಿ. ಜ್ವರಕ್ಕೂ ಜಗ್ಗದ ರಾಣಿಯ ಸಂತಾನದಿಂದಲೇ ಹಟ್ಟಿ ಮತ್ತೆ ತುಂಬಿಸುತ್ತೇನೆಂದು ದುರ್ಗವ್ವ ಕಾದಿದ್ದಳು. ಆ ರಾಣಿಗೆ ಈಗ ಲಾರಿ ಬಡಿದಿತ್ತು.

ಸಾಹೇಬರೂ ನಾನೂ ಜೀಪಿನಲ್ಲಿ ಹೋದೆವು. ರಾಣಿಯ ಹಿಂಗಾಲುಗಳು, ಸೊಂಟ ಎಲ್ಲ ಮುರಿದಿದ್ದವು. ಸಾಹೇಬರು ಬಹಳ ಹೊತ್ತು ಮುಟ್ಟಿ ನೋಡಿ ಎದ್ದು ನಿಂತು ತಲೆಯಾಡಿಸಿದರು. ನೋವಿಲ್ಲದಂತೆ ಕಳಿಸುವುದೊಂದೇ ಉಳಿದಿತ್ತು. ದುರ್ಗವ್ವ ಅದರ ಕಿವಿಯ ಹಿಂದೆ ತುರಿಸುತ್ತ ಕುಳಿತಿದ್ದಳು. ಅಳಲಿಲ್ಲ. ನನ್ನ ಕೈಯಲ್ಲಿದ್ದ ಥರ್ಮಾಸು ನೋಡಿ ಕೇಳಿದಳು:

"ಅಕ್ಕಾರ, ಇಕಿ ತತ್ತಿ ಒಯ್ದು ಏನ್ ಮಾಡ್ತೀರಿ?"

"ಆದ್ರ ಮರಿ ಮಾಡಿ ಕೊಡ್ತೇವಿ ದುರ್ಗವ್ವ."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ನಾನ ಬಂದು ಹೇಳ್ತೇನಿ. ಫೋನಿನಾಗ ಹೇಳಂಗಿಲ್ಲ."

ಅವಳು ಸಾಹೇಬರ ಕಡೆ ತಿರುಗಿ, "ಮಾಡ್ರಿ ಸಾಹೇಬ್ರ" ಎಂದಷ್ಟೇ ಹೇಳಿ ರಾಣಿಯ ಕಣ್ಣಿನ ಮೇಲೆ ಕೈ ಇಟ್ಟಳು.

ಸಾಹೇಬರು ತೆಗೆದುಕೊಟ್ಟ ರಾಣಿಯ ಅಂಡಾಶಯಗಳನ್ನು ಥರ್ಮಾಸಿನಲ್ಲಿಟ್ಟು, ಅದನ್ನು ತೊಡೆಯ ಮೇಲೆ ಹಿಡಿದುಕೊಂಡು ಜೀಪಿನಲ್ಲಿ ತಿರುಗಿ ಬಂದೆ. ಸೊಲ್ಲಾಪುರದ ತತ್ತಿಗಳು ಕೆಟ್ಟರೆ ಮುಂದಿನ ವಾರ ಬೇರೆ ಬರುತ್ತಿದ್ದವು. ಇವು ಮತ್ತೆ ಬರುವಂಥವಲ್ಲ. ತತ್ತಿ ತೆಗೆದೆ, ಬಲಿಸಿದೆ, ದುರ್ಗವ್ವನ ಕರಿ ಗಂಡಿನ ವೀರ್ಯ ಸೇರಿಸಿದೆ. ಎರಡಾದವು. ಅಲ್ಲಿಯ ತನಕ ಹೊಗೆಯಲ್ಲೂ ಬುತ್ತಿ ಕಾಯ್ದಿತ್ತು. ನಾಲ್ಕು ಆಗುವ ದಿನ ಬೆಳಿಗ್ಗೆ ನಾನು ಸಾಹೇಬರಿಗಿಂತ ಮೊದಲೇ ಬಂದು ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಜಳಕ ಮಾಡಿ, ಒಗೆದ ಧೋತರ ಉಟ್ಟು, ಕೈಯಲ್ಲಿ ಊದಿನಕಡ್ಡಿಯ ಹೊಸ ಕಟ್ಟು ಹಿಡಿದು ಬಂದರು.

"ಇವತ್ತ ಒಂದ ಹಿಡಿ ಹಚ್ಚೂಣ್ರಿ ಬಾಯಾರ. ಪಾಪ, ದುರ್ಗವ್ವನ ಸಲುವಾಗಿ."

ಅವರ ಕಣ್ಣಲ್ಲಿ ನೀರಿತ್ತು. ಆದರೂ ಬಾಗಿಲಿಗೆ ಅಡ್ಡ ಕೈ ಚಾಚಿದೆ.

"ಬ್ಯಾಡ್ರಿ ಸರ್. ಊದಿನಕಡ್ಡಿ ಹೊಗಿಗೆ ಅವು ಸಾಯಾಕತ್ತಾವು. ಹಿಂದಿನ ಖೋಲ್ಯಾಗ ಇಟ್ಟು ನೋಡೇನಿ, ಒಂದ ಸಲ ಅಲ್ಲ. ಅಲ್ಲಿ ಇಟ್ಟಾವು ಬದುಕ್ಯಾವು, ಇಲ್ಲಿ ಇಟ್ಟಾವು ಹೋಗ್ಯಾವು."

"ದೇವರ ಮುಂದ ಊದಿನಕಡ್ಡಿ ಹಚ್ಚಬ್ಯಾಡ ಅಂತೀರಿ?"

"ಗರ್ಭಗುಡಿಯೊಳಗ ಹಚ್ರಿ, ಯಾರ ಬ್ಯಾಡ ಅಂತಾರ? ಇದು ಗರ್ಭಗುಡಿ ಅಲ್ರಿ ಸರ್. ಬರೇ ಗರ್ಭ."

ಸಾಹೇಬರು ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಬೈಯುತ್ತಾರೆಂದುಕೊಂಡೆ. ಅವರು ತಿರುಗಿ ಪಡಸಾಲೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಸುತ್ತಿಗೆ, ಮೊಳೆ ಹುಡುಕಿಕೊಂಡು ಬಂದು, ನನ್ನನ್ನು ಸರಿಸಿ ಒಳಗೆ ಹೋಗಿ, ಫೋಟೋ ಇಳಿಸಿ ಎದೆಗೆ ಹಿಡಿದುಕೊಂಡು ಹೊರಗೆ ಬಂದರು. ಪಡಸಾಲೆಯ ಆಚೆ ತುದಿಯ ಗೋಡೆಗೆ ಅದನ್ನು ಹಚ್ಚಿದರು.

"ಇಲ್ಲಿಂದನ ನೋಡಕೋತ ಇರಲಿ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಷ್ಟ ದಿವಸ ಯಾಕ ಹೇಳಲಿಲ್ರಿ?" ಎಂದು ಕೇಳಿದರು.

"ಬೋರ್ಡ್ ಹಚ್ಚಿದ್ನಲ್ರಿ."

"ಬೋರ್ಡ್ ತಮಗಂತ ಯಾರ ಓದ್ತಾರ್ರಿ ನಮ್ಮ ಊರಾಗ?"

ಅಂದಿನಿಂದ ಮಡಿಗೆ ಅವರೇ ಕಾವಲುಗಾರರಾದರು. ನೆಲ ಒರೆಸುವ ಫಿನಾಯಿಲು ಹೋಯಿತು. ಬಾಗಿಲಿಗೆ ಬಣ್ಣ ಬಳಿಯಲು ಬಂದವರನ್ನು ಗೇಟಿನಿಂದಲೇ ಓಡಿಸಿದರು. ನಾನು ಮಲ್ಲಿಗೆ ಮುಡಿದು ಬಂದ ದಿನ ನನ್ನನ್ನೂ ಒಳಗೆ ಬಿಡಲಿಲ್ಲ. ರಾಣಿಯ ಭ್ರೂಣಗಳು ನಾಲ್ಕಾದವು. ಮರುದಿನ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಲ್ಲವೂ ಅಲ್ಲ; ಕೆಲವು ನಿಂತಿದ್ದವು. ಉಳಿದವು ದಾಟಿದ್ದವು. ಸಾಹೇಬರು ಪಕ್ಕದಲ್ಲಿ ನಿಂತು, "ಒಲಿ ಹೊತ್ತೇತೇನ್ರಿ?" ಎಂದರು. "ಹೊತ್ತೇತ್ರಿ ಸರ್" ಎಂದೆ.

ಅವು ಗುಳ್ಳೆಯಾಗಿ ಹಿಗ್ಗುವ ಹೊತ್ತಿಗೆ ಸರಿಯಾಗಿ ಮೇಲಿನ ಕಚೇರಿಯ ನಿರ್ದೇಶಕರು ಬಂದರು. ದಕ್ಷಿಣದ ಕಡೆಯವರು. ಇಷ್ಟು ವರ್ಷ ನಡೆದರೂ ಫಲ ಕಾಣದ ಕೇಂದ್ರವನ್ನು ಮುಚ್ಚಬೇಕೋ ಇಡಬೇಕೋ ಎಂದು ನೋಡಿ ಹೋಗುವುದು ಅವರ ಕೆಲಸ. ಕಾರಿನಿಂದ ಇಳಿಯುವ ಮೊದಲೇ ಅವರ ಸೆಂಟಿನ ಪರಿಮಳ ಇಳಿಯಿತು. ಸೀದಾ ಮಡಿ ಕೋಣೆಯ ಕಡೆ ನಡೆದರು. ನಾನು ಕಣ್ಣು ಮುಚ್ಚಿಕೊಂಡೆ. ಫೋನಿಗೂ ಎದ್ದು ನಿಲ್ಲುವ ಬಿರಾದಾರ ಸಾಹೇಬರು ಇವರನ್ನು ತಡೆಯುತ್ತಾರೆಯೇ? ಕಣ್ಣು ತೆರೆದಾಗ ಸಾಹೇಬರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಹಣೆಯ ಮೇಲೆ ಬೆವರು.

"ಸರ್, ತಪ್ಪ ತಿಳಕೋಬ್ಯಾಡ್ರಿ. ಜಳಕಾ ಮಾಡಬೇಕ್ರಿ."

"ಏನು?"

"ಜಳಕಾ, ಸರ್. ಸ್ನಾನ. ಸೆಂಟ್ ಹೊಡಕೊಂಡೀರಿ."

"ಏನ್ರೀ ತಮಾಷೆ ಮಾಡ್ತೀರಾ? ನಾನು ಬೆಳಗ್ಗೆ ಸ್ನಾನ ಮಾಡ್ಕೊಂಡೇ ಬಂದಿದ್ದೀನಿ."

"ಅದು ನಿಮ್ಮ ಸಲುವಾಗಿ ಮಾಡಿದ್ದ್ರಿ, ಸರ್. ಇದು ಹಂದಿ ಸಲುವಾಗಿ."

ನಿರ್ದೇಶಕರ ಮುಖ ಕೆಂಪಾಯಿತು. ನಾನು ಮುಂದೆ ಬಂದು ರಾಣಿಯ ಕಥೆ, ಹೊಗೆಯ ಕಥೆ, ಎಣ್ಣೆ ವಾಸನೆ ಹೀರುವ ಕಥೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬೋರ್ಡನ್ನು ಮೊದಲಿಂದ ಕೊನೆಯ ತನಕ ಓದಿದರು. ನಮ್ಮ ಊರಿಗೆ ಬಂದು ಬೋರ್ಡನ್ನು ತಮಗೆಂದು ಓದಿದವರು ಅವರೊಬ್ಬರೇ ಇರಬೇಕು. "ಸೋಪು ಕೊಡಿ" ಎಂದರು.

"ಸೋಪೂ ನಡ್ಯಂಗಿಲ್ರಿ" ಎಂದರು ಬಿರಾದಾರ ಸಾಹೇಬರು. "ವಾಸನಿ ಇರತೈತಿ."

ಹಿಂದಿನ ಬಚ್ಚಲಲ್ಲಿ, ಬೋರಿನ ಸವಳು ನೀರಿನಲ್ಲಿ, ಸೋಪಿಲ್ಲದೆ ನಿರ್ದೇಶಕರ ಜಳಕವಾಯಿತು. ಸಾಹೇಬರ ಒಗೆದ ಧೋತರ ಉಟ್ಟು, ಮೇಲೊಂದು ಬಿಳಿ ಕೋಟು ತೊಟ್ಟು, ತೊಯ್ದ ಕೂದಲಲ್ಲಿ ಬಂದು ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಕಣ್ಣಿಟ್ಟವರು ತೆಗೆಯಲಿಲ್ಲ. ಗುಳ್ಳೆಗಳು ಹಿಗ್ಗಿದ್ದವು. ಒಂದು ತನ್ನ ಹೊದಿಕೆ ಸೀಳಿಕೊಂಡು ಹೊರಗೆ ಇಣುಕುತ್ತಿತ್ತು.

"ಇದು ಹೊರಗೆ ಬರ್ತಾ ಇದೆಯೇನಮ್ಮಾ?" ಎಂದರು. ಆಗ ಅವರ ದನಿಯಲ್ಲಿ ಅಧಿಕಾರಿ ಇರಲಿಲ್ಲ.

ಕೇಂದ್ರ ಉಳಿಯಿತು. ಆದರೆ ಹಂದಿ ಎಂಬ ಮಾತು ಕಾಗದದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಯೋಜನೆಯ ಹೆಸರನ್ನು ವರಾಹ ಎಂದು ಬದಲಿಸಲು ಬರೆದು ಹೋದರು. ನಮ್ಮ ಹಂದಿಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಈಗ ಹೊಸ ಹುಡುಗರಿಗೆ ಎಲ್ಲ ಸಿದ್ಧ ಸಿಗುತ್ತದೆ. ದ್ರವ ಬಾಟಲಿಯಲ್ಲೇ ಬರುತ್ತದೆ. ಇನ್‌ಕ್ಯುಬೇಟರಿನ ಒಳಗೇ ಕ್ಯಾಮೆರಾ ಇದ್ದು ಬಾಗಿಲು ತೆಗೆಯದೆ ಭ್ರೂಣ ಕಾಣುತ್ತದೆ. ಕೋಣೆಯ ಗಾಳಿ ಸೋಸುವ ಯಂತ್ರವೂ ಇದೆ. ಒಳ್ಳೆಯದೇ ಆಯಿತು. ಆದರೂ ಭ್ರೂಣ ನಿಂತರೆ ಮೊದಲು ದ್ರವವನ್ನು ಬೈಯಬೇಡಿ. ಆ ಕೋಣೆಗೆ ಯಾರು ಬಂದರು, ಏನು ಹಚ್ಚಿಕೊಂಡು ಬಂದರು, ಯಾವ ಒಳ್ಳೆಯ ಮನಸ್ಸಿನಿಂದ ಏನು ಮಾಡಿ ಹೋದರು ಎಂದು ಕೇಳಿ.

ಇನ್ನು ರಾಣಿಯ ಕಥೆಗೆ ಬಂದರೆ, ಮುಂದಿನದು ಸಾಹೇಬರ ಕೈಚಳಕ. ದೊಡ್ಡಿಯ ಬಿಳಿ ಹಂದಿಯೊಂದರ ಹೊಟ್ಟೆ ಸೀಳಿ, ರಾಣಿಯ ಭ್ರೂಣಗಳನ್ನು ಗರ್ಭದಲ್ಲಿ ಬಿಟ್ಟು, ಹೂವು ಪೋಣಿಸಿದ ಹಾಗೆ ಹೊಲಿದರು. ಬಸಿರು ನಿಂತಿತು. ತಿಂಗಳು ತುಂಬಿ ಬಿಳಿ ಹಂದಿ ಒಂದು ಮಧ್ಯಾಹ್ನ ಮರಿ ಹಾಕಿತು. ಹುಟ್ಟಿದ್ದು ಕೆಲವೇ, ಆದರೆ ಎಲ್ಲವೂ ಕಾಡಿಗೆಯಂತೆ ಕರಿ.

ಸುದ್ದಿ ತಿಳಿದು ದುರ್ಗವ್ವ ಮೊದಲ ಬಸ್ಸಿಗೆ ಬಂದಳು. ದೊಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬೆಳ್ಳಗಿನ ಹೊಟ್ಟೆಗೆ ಸಾಲಾಗಿ ಅಂಟಿಕೊಂಡ ಕರಿ ಮರಿಗಳನ್ನು ನೋಡಿದಳು. ಆಗ ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಮರಿಯನ್ನು ಎತ್ತಿ ಮೊಣಕಾಲು ನೋಡಿದಳು. ಸಿಮೆಂಟಿಗೆ ಉಜ್ಜಿ ತೊಗಲು ಕಿತ್ತಿತ್ತು. ಹುಲ್ಲು ಹಾಸಲು ನಾನು ಹೇಳುತ್ತಲೇ ಇದ್ದೆ. ಹಾಸಿದ ಹುಲ್ಲನ್ನು ಆ ಬಿಳಿ ಹಂದಿ ತಿಂದುಹಾಕುತ್ತಿತ್ತು.

"ಇವನ್ನ ನಮ್ಮ ಹಟ್ಟಿಗೆ ಒಯ್ತೇನ್ರಿ ಸಾಹೇಬ್ರ. ಇಲ್ಲಿ ಕಾಲ ಉಳ್ಯಂಗಿಲ್ಲ."

"ಹಾಲ ಬಿಡೂತನಾ ಇರಲಿ ದುರ್ಗವ್ವ. ಅಲ್ಲಿ ಹಾಲ ಯಾರ ಕುಡಸ್ತಾರ?"

"ಅವುರವ್ವ ಕುಡಸ್ತಾಳ್ರಿ. ಆಕೀನ್ನೂ ಒಯ್ತೇನಿ."

ಸಾಹೇಬರು ಗಾಬರಿಯಾದರು. "ಏ, ಅದು ಸರಕಾರದ ಹಂದಿ!"

"ಹಂಗಾದ್ರ ಸರಕಾರನ ಬಂದು ಹಾಲ ಕುಡಸಲಿ" ಎಂದಳು ದುರ್ಗವ್ವ.

ಸಾಹೇಬರು ನನ್ನ ಮುಖ ನೋಡಿದರು. ನಾನು ಮರಿಗಳ ಮುಖ ನೋಡಿದೆ. ಅವರು ಸ್ವಲ್ಪ ಹೊತ್ತು ದೊಡ್ಡಿಯ ಎದುರು ಅತ್ತಿಂದಿತ್ತ ಅಡ್ಡಾಡಿದರು. ಆಮೇಲೆ ಒಳಗೆ ಹೋಗಿ ಮೇಲಿನ ಕಚೇರಿಗೆ ಫೋನು ಹಚ್ಚಿದರು. ಈ ಸಲ ಕುರ್ಚಿಯ ಮೇಲೆ ಕುಳಿತೇ ಮಾತಾಡಿದರು. "ಹೌದ್ರಿ ಸರ್, ವರಾಹ. ಹಳ್ಳಿಯೊಳಗ ಇಟ್ಟು ನೋಡೂ ಪ್ರಯೋಗ್ರಿ. ಹೌದ್ರಿ, ತಾಯಿ ಮಕ್ಕಳು ಕೂಡಿನ" ಎಂದದ್ದು ನನಗೆ ಕೇಳಿಸಿತು. ಹೊರಗೆ ಬಂದು ಜೀಪು ತರಲು ಹೇಳಿದರು.

ಹಿಂದೆ ಹುಲ್ಲು ಹಾಸಿ ಬಿಳಿ ಹಂದಿಯನ್ನೂ ಕರಿ ಮರಿಗಳನ್ನೂ ಮಲಗಿಸಿದೆವು. ದುರ್ಗವ್ವ, ನಾನು ಅವುಗಳ ಜತೆ ಕುಳಿತೆವು. ಸಾಹೇಬರು ಮುಂದೆ. ಜೀಪು ನಿಧಾನ ಹೋಗುತ್ತಿತ್ತು. ತಗ್ಗು ಬಂದಾಗಲೆಲ್ಲ ಸಾಹೇಬರು ಚಾಲಕನ ತೋಳು ಹಿಡಿಯುತ್ತಿದ್ದರು. ಮುದ್ದೇಬಿಹಾಳದೊಳಗೆ ಬರುವಷ್ಟರಲ್ಲಿ ಸಂತೆಯ ದಿನವಾದ್ದರಿಂದ ರಸ್ತೆ ತುಂಬ ಜನ, ಟಂಟಂ, ಎತ್ತಿನ ಗಾಡಿ. ಸರಕಾರಿ ಜೀಪಿನೊಳಗಿಂದ ಹಂದಿ ಗುಟುರು ಹಾಕಿದ್ದು ಕೇಳಿ ಜನ ಸುತ್ತ ಮುತ್ತಿಕೊಂಡರು. ಯಾರೋ ಬಗ್ಗಿ ನೋಡಿ ಜೋರಾಗಿ ನಕ್ಕರು. "ಏನ್ರಿ ಸಾಹೇಬ್ರ ಇದು?" ಎಂದು ಇನ್ನೊಬ್ಬ ಕೂಗಿದ.

ಬಿರಾದಾರ ಸಾಹೇಬರು ಬಾಗಿಲು ತೆಗೆದು ಕೆಳಗಿಳಿದರು. ಒಗೆದ ಧೋತರ ಸರಿಮಾಡಿಕೊಂಡು, ಎರಡೂ ಕೈ ಅಗಲಿಸಿ ಜನರನ್ನು ಬದಿಗೆ ಸರಿಸುತ್ತ ಜೀಪಿನ ಮುಂದೆ ನಡೆದರು.

"ಬಾಣಂತಿ ಅದಾಳ" ಎಂದರು. "ದಾರಿ ಬಿಡ್ರಿ."